ಹಡಗೋ ಪಾರ್ಕೋ, ಹೂವನ್ನೇ ಕೇಳಿದೆವು

ದೇವರ ಫೋಟೋದ ಎಡಗಡೆಯ ಸೇವಂತಿಗೆ ಜಾರಿ ಬಿತ್ತು. ಅದರ ಜೊತೆಗೇ ನನ್ನ ಮುಖವೂ ಜೋತುಬಿತ್ತು.

ನಮ್ಮ ಮದುವೆಗೆ ಐವತ್ತು ವರ್ಷ ತುಂಬಿತೆಂದು ಮಗಳು ಪ್ರವಾಸಕ್ಕೆ ಕಳಿಸುವವಳಿದ್ದಳು. ನಮ್ಮಾಕೆಗೆ ಕ್ರೂಸ್ ಹಡಗು ಹತ್ತಿ ಸಮುದ್ರ ನೋಡುವ ಆಸೆ. ನಾನು ಥೀಮ್ ಪಾರ್ಕೇ ಆಗಬೇಕೆಂದು ಹಟ ಹಿಡಿದೆ. ಹರಿಹರದ ಹೊಳೆಯನ್ನು ಎರಡು ಸಲ ಈಜಿ ದಾಟಿದವನೆಂದು ಇಡೀ ಶಾಮನೂರಿಗೆ ಹೇಳಿಕೊಂಡು ಬಂದಿದ್ದೇನೆ; ನೀರು ಕಂಡರೆ ಕಾಲು ನಡುಗುತ್ತದೆಂದು ಈಗ ಹೇಳಲಾದೀತೇ? ಕೊನೆಗೆ ದೇವರಿಗೆ ಹೂ ಏರಿಸಿ ಪ್ರಸಾದ ಕೇಳುವುದೆಂದಾಯಿತು. ಬಲಗಡೆಯ ಹೂ ಬಿದ್ದರೆ ಹಡಗು, ಎಡಗಡೆಯದು ಬಿದ್ದರೆ ಪಾರ್ಕು.

ಇಂಥ ಕೆಲಸದಲ್ಲಿ ನನ್ನನ್ನು ಮೀರಿಸುವವರು ದಾವಣಗೆರೆಯಲ್ಲಿ ಇನ್ನೂ ಹುಟ್ಟಿಲ್ಲ. ನಮ್ಮಾಕೆ ಅಡುಗೆಮನೆಗೆ ಹೋದಾಗ ಬಲಗಡೆಯ ಹೂವನ್ನು ನೀರಲ್ಲಿ ಅದ್ದಿ ಒತ್ತಿ ಅಂಟಿಸಿದೆ. ಎಡಗಡೆಯದನ್ನು ಅಂಚಿನಲ್ಲಿ ಹಗುರವಾಗಿ ಇಟ್ಟೆ.

ಆಕೆ ಬಂದು ಕೈಮುಗಿದು, "ತಂದೆ, ಎಡಗಡೇದು ಬಿದ್ರೆ ಹಡಗು, ಬಲಗಡೇದು ಬಿದ್ರೆ ಪಾರ್ಕು" ಎಂದು ಬೇಡಿಕೊಂಡಳು. ಎಡಗಡೆಯ ಹೂ ಬಿದ್ದದ್ದು ಆಗಲೇ.

"ಬಲಗಡೇದು ಬಿದ್ರೆ ಹಡಗು ಅಂದಿದ್ವಲ್ಲ?" ಎಂದೆ.

"ಬಲಗಡೇದು ನೀವು ಅಂಟ್ಸಿದ್ದು ಬಾಗ್ಲಾಗ ನಿಂತು ನೋಡಿದೀನಿ. ಅದು ನಾಳೆಗೂ ಬೀಳಲ್ಲ, ಅದಕ್ಕೇ ತಿರುಗಿಸಿ ಕೇಳ್ದೆ. ಬ್ಯಾಗು ತುಂಬ್ರಿ. ಹೊಳೆ ಈಜಿದೋರಿಗೆ ಸಮುದ್ರ ಯಾವ ಲೆಕ್ಕ?"

ಈಗ ದಿನಾ ಹರಿಹರಕ್ಕೆ ಹೋಗಿ, ಹೊಳೆಯ ಮೆಟ್ಟಿಲಿಳಿದು ಮೊಣಕಾಲುದ್ದ ನೀರಲ್ಲಿ ನಿಂತು ಧೈರ್ಯ ಕಲಿಯುತ್ತಿದ್ದೇನೆ. ಯಾರಾದರೂ ಕೇಳಿದರೆ, ಮೂರನೇ ಸಲ ದಾಟಲು ಬಂದಿದ್ದೇನೆ ಎನ್ನುತ್ತೇನೆ.