ಕಲ್ಲಮ್ಮನ ಶೆಡ್ಡಿಗೆ ಬಂದ ಬಿಳಿ ಕಪ್ಪೆ

ಬೆಳಿಗ್ಗೆ ಏಳೂವರೆಗೆ ತುರುವೇಕೆರೆ ರಸ್ತೆಯ ಬದಿಯಲ್ಲಿ ನೀರು ತಗಡಿಗೆ ಬಡಿಯುವ ಸದ್ದು ಶುರುವಾಗುತ್ತದೆ. ಮೊದಲು ಮಂದವಾಗಿ, ಒದ್ದೆ ಗೋಣಿಚೀಲಕ್ಕೆ ಕೋಲಿನಲ್ಲಿ ಹೊಡೆದ ಹಾಗೆ. ಸ್ವಲ್ಪ ಹೊತ್ತಿಗೆ ಸದ್ದು ತೆಳ್ಳಗಾಗುತ್ತದೆ, ಆಮೇಲೆ ಖಣಖಣ ಅನ್ನುತ್ತದೆ. ಅಷ್ಟಾದ ಮೇಲೆ ನೀರು ನಿಲ್ಲುತ್ತದೆ. ಕಲ್ಲಮ್ಮನ ಶೆಡ್ಡಿನಲ್ಲಿ ಒಂದು ಗಾಡಿಯ ಮಣ್ಣು ಬಿಟ್ಟಿತು ಎಂದು ಎದುರುಗಡೆ ಬಸ್ಸಿಗೆ ಕಾಯುವ ನಮಗೆಲ್ಲ ಗೊತ್ತಾಗುತ್ತದೆ.

ಶೆಡ್ಡು ಎಂದರೆ ನಾಲ್ಕು ಕಲ್ಲುಕಂಬ, ಮೇಲೊಂದು ತಗಡು, ಗಾಡಿ ಹತ್ತಿಸಲು ಸಿಮೆಂಟಿನ ಎರಡು ದಿಬ್ಬ. ಹಿಂದೆ ಹದಿನಾರು ತೆಂಗಿನ ಮರ. ತೊಳೆದ ನೀರು ಕಾಲುವೆಯಲ್ಲಿ ಹರಿದು ಅವುಗಳ ಬುಡ ಸೇರುತ್ತದೆ. ಕಟ್ಟಿಸಿದವರು ಕಲ್ಲಮ್ಮನ ಗಂಡ ದೊಡ್ಡಣ್ಣ. ಅವರು ತೀರಿಕೊಂಡು ಏಳು ವರ್ಷವಾಯಿತು. ಇಪ್ಪತ್ತನೆಯ ದಿನ ಯಾರೋ ಟ್ರ್ಯಾಕ್ಟರ್ ತಂದು ನಿಲ್ಲಿಸಿ, ತೊಳೆಯಲು ಗಂಡಸರು ಯಾರೂ ಇಲ್ಲವೇ ಎಂದು ಕೇಳಿದರಂತೆ. "ಮಣ್ಣು ಏನು ಗಂಡಸ್ರನ್ನೇ ಕೇಳ್ತದಾ?" ಎಂದು ಕಲ್ಲಮ್ಮ ಸೆರಗು ಸಿಕ್ಕಿಸಿ ನೀರಿನ ಗನ್ನು ಹಿಡಿದರು. ಅಂದು ಹಿಡಿದದ್ದನ್ನು ಮತ್ತೆ ಯಾರ ಕೈಗೂ ಕೊಟ್ಟಿರಲಿಲ್ಲ. ಮಗ ರವೀಂದ್ರ ಎಳನೀರಿನ ಲಾರಿ ಓಡಿಸುತ್ತಾನೆ, ವಾರದಲ್ಲಿ ಎರಡು ದಿನ ಮನೆಯಲ್ಲಿರುತ್ತಾನೆ. ಸೊಸೆ ಮಂಗಳಾ ಗಾಡಿ ಒರೆಸುವುದು, ಸೀಟು ತೆಗೆದು ಹಾಕುವುದು ಮಾಡುತ್ತಾಳೆ. ಗನ್ನು ಮಾತ್ರ ಅತ್ತೆಯದು.

ಒಣಗಿ ಕಲ್ಲಾದ ಮಣ್ಣಿನ ಮೇಲೆ ಕಲ್ಲಮ್ಮ ಒಮ್ಮೆಗೇ ನೀರು ಬಿಡುವುದಿಲ್ಲ. ನೆನೆಸಿದ ಗೋಣಿಚೀಲ ಹೊದಿಸಿ ಮುಕ್ಕಾಲು ಗಂಟೆ ಬಿಡುತ್ತಾರೆ. "ಮೊದ್ಲು ಅದಕ್ಕೆ ಕುಡಿಯಾಕೆ ಕೊಡ್ಬೇಕು. ಬಾಯಿ ಒಣಗ್ಸಿಕೊಂಡು ಬಂದಿರೋರ ಜೊತೆ ಜಗಳ ಆಡಿದ್ರೆ ಬಣ್ಣ ಕಿತ್ಕಂಡು ಹೋಗ್ತದೆ," ಎನ್ನುತ್ತಾರೆ. ಮೊಂಡು ಕಲೆಗೆ ಎಳನೀರಿನ ಮಟ್ಟೆ ಜಜ್ಜಿ ಮಾಡಿದ ನಾರಿನ ಕುಚ್ಚು ಬೇಕು. ಅಂಥ ಕುಚ್ಚುಗಳು ಅವರಲ್ಲಿ ಎರಡು ಕಡೆ ನೆನೆಯುತ್ತಿರುತ್ತವೆ. ಹೊಸವು ಕಬ್ಬಿಣದ ಡ್ರಮ್ಮಿನಲ್ಲಿ. ಮೂರು ವಾರ ನೀರು ಬದಲಿಸಿ ಬದಲಿಸಿ ಹಸಿ ಕರೆಯೆಲ್ಲ ಹೋದ ಮೇಲೆ ಪಕ್ಕದ ಸಿಮೆಂಟು ತೊಟ್ಟಿಗೆ ಬರುತ್ತವೆ. ಹಸಿ ಮಟ್ಟೆಯ ಕರೆ ಬಟ್ಟೆಗೆ ಹತ್ತಿದರೆ ಏನಾಗುತ್ತದೆ ಎಂದು ನಮ್ಮ ಸೀಮೆಯಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಎಲ್ಲರ ಮನೆಯಲ್ಲೂ ಹಾಗೆ ಹಾಳಾದ ಒಂದು ಒಳ್ಳೆಯ ಅಂಗಿ ಇರುತ್ತದೆ.

ಈ ವರ್ಷ ಯುಗಾದಿಯ ಹೊತ್ತಿಗೆ ಕಲ್ಲಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ, ನನಗೂ ಹೇಳಿದ್ದು ಎಲ್ಲ ಮುಗಿದ ಮೇಲೆ. ಹೆದರಿಕೆ ಆಪರೇಷನ್ನಿನದಲ್ಲ. ಪಕ್ಕದ ಮನೆಯ ವಿಮಲಮ್ಮನವರು ಆಪರೇಷನ್ ಮಾಡಿಸಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು ಒಂದು ತಿಂಗಳು ಜಗಲಿಯ ಮೇಲೆ ಕೂತಿದ್ದರು. ಕಣ್ಣು ಚೆನ್ನಾಗಿಯೇ ಬಂತು. ಆದರೆ ಅಷ್ಟರಲ್ಲಿ ಅಡುಗೆಮನೆ ಸೊಸೆಯದಾಗಿತ್ತು. "ಈಗ ಒಗ್ಗರಣೆಗೆ ಸಾಸಿವೆ ಎಲ್ಲೈತೆ ಅಂತ ಕೇಳ್ಬೇಕು ಕಣೇ ಕಲ್ಲಮ್ಮ," ಎಂದಿದ್ದರು. ಒಂದು ತಿಂಗಳು ನೀರಿನಿಂದ ದೂರ ಕೂತರೆ ಗನ್ನೂ ಹಾಗೆಯೇ ಹೋಗುತ್ತದೆ ಎಂದು ಕಲ್ಲಮ್ಮ ನಿಶ್ಚಯ ಮಾಡಿಕೊಂಡಿದ್ದರು.

ಅದಕ್ಕೇ ಕಿವಿಯಿಂದ ನೋಡಲು ಕಲಿತರು. ಮಣ್ಣು ಇರುವಲ್ಲಿ ಸದ್ದು ಮಂದ, ಬಿಟ್ಟಲ್ಲಿ ಖಣಖಣ. ತಗಡು ತಾನೇ ಹೇಳುತ್ತಿತ್ತು. ಲಾರಿ, ಕಾರು, ಟ್ರ್ಯಾಕ್ಟರು ಯಾವುದರಲ್ಲೂ ಐದು ತಿಂಗಳು ಎಡವಟ್ಟಾಗಲಿಲ್ಲ.

ಆ ಶನಿವಾರ ನಾನು ಅಪ್ಪನ ಸ್ಕೂಟರು ತೊಳೆಸಲು ಹೋಗಿ ಕಲ್ಲುಬೆಂಚಿನ ಮೇಲೆ ಕೂತಿದ್ದೆ. ಒಂದು ಪಿಕಪ್ ಬಂದು ನಿಂತಿತು. ಅದರಿಂದ ಹಲಗೆ ಇಳಿಜಾರು ಮಾಡಿ ಇಳಿಸಿದ ಗಾಡಿಯನ್ನು ನಮ್ಮ ರಸ್ತೆ ಅದುವರೆಗೆ ಕಂಡಿರಲಿಲ್ಲ. ನಾಲ್ಕು ಉಬ್ಬಿದ ಚಕ್ರ, ಮೇಲೆ ಬೈಕಿನ ಹ್ಯಾಂಡಲ್ಲು, ಅಡಿಯಿಂದ ಮುಡಿಯವರೆಗೆ ಒಣಗಿದ ಮಣ್ಣು. ಕೆಳಗೆ ಕೆರೆಯ ಕಪ್ಪು ಗೋಡುಮಣ್ಣು, ಅದರ ಮೇಲೆ ಗುಡ್ಡದ ಕೆಂಪು. ತಂದವರು ರೇಣುಕಪ್ರಸಾದ್. ಚಿಕ್ಕನಾಯಕನಹಳ್ಳಿಯ ಗುಡ್ಡದ ಬುಡದಲ್ಲಿ ಅವರ ತೆಂಗಿನ ತೋಟವಿದೆ.

"ಕಲ್ಲಕ್ಕ, ಇದೊಂದು ತೊಳ್ದುಕೊಡಿ. ನಮ್ಮ ಭಾವಂದು. ಇಳಿಜಾರಲ್ಲಿ ಕಾಯಿ ಹೊರಾಕೆ ಅಂತ ಇಸ್ಕಂಡಿದ್ದೆ, ಕೆರೆ ಅಂಗಳದಲ್ಲಿ ಹೂತ್ಕಂಡುಬುಡ್ತು. ನಾಲ್ಕು ಗಂಟೆಗೆ ಅವರು ಬತ್ತಾರೆ."

ಕಲ್ಲಮ್ಮ ಗಾಡಿಯ ಸುತ್ತ ಒಂದು ಸುತ್ತು ಬಂದರು. "ಏನಪ್ಪ ಇದು, ಕಪ್ಪೆ ಕೂತಂಗೆ ಕೂತೈತೆ."

"ಎಟಿವಿ ಕಣಕ್ಕ. ಗುಡ್ಡ, ಹಳ್ಳ, ಎಲ್ಲೆಲ್ಲೂ ಹೋಗ್ತದೆ."

"ಎಲ್ಲೆಲ್ಲೂ ಹೋಗೈತೆ ಬುಡು. ಬಣ್ಣ ಯಾವ್ದು?"

"ಬಿಳೀದು."

"ದೇವ್ರಾಣೆಗೂ ಬಿಳೀದಾ ಅಣ್ಣ?" ಎಂದು ಮಂಗಳಾ ನಕ್ಕಳು.

ರೇಣುಕಪ್ರಸಾದ್ ಪಿಕಪ್ ತೆಗೆದುಕೊಂಡು ಕೊಬ್ಬರಿ ಮಾರ್ಕೆಟ್ಟಿಗೆ ಹೋದರು. ಗೋಣಿಚೀಲ ಹೊದಿಸಿದ್ದಾಯಿತು. ಊಟ ತರಲು ಮಂಗಳಾ ಮನೆಗೆ ಹೋದಳು. ಕಲ್ಲಮ್ಮ ಚೀಲ ಸರಿಸಿ ನೀರು ಬಿಟ್ಟರು. ಗೋಡು ಹಾಳೆಹಾಳೆಯಾಗಿ ಜಾರಿತು. ಸದ್ದು ಮಾತ್ರ ಮೊದಲಿಗೆ ಹೇಗಿತ್ತೋ ಹಾಗೆಯೇ ಇತ್ತು, ದೊಬದೊಬ ದೊಬದೊಬ. ಕಲ್ಲಮ್ಮ ಗನ್ನನ್ನು ಹತ್ತಿರ ಹಿಡಿದರು, ದೂರ ಹಿಡಿದರು. ಕಾಲು ಗಂಟೆಯಾದರೂ ಖಣ ಎನ್ನಲಿಲ್ಲ. ನೀರು ನಿಲ್ಲಿಸಿ, ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿದರು.

"ಇದೇನವ್ವ, ಇದಕ್ಕೆ ತಗಡೇ ಇಲ್ವಾ?"

"ಪ್ಲಾಸ್ಟಿಕ್ ಇರ್ಬೇಕು," ಎಂದೆ.

"ಓ," ಎಂದರು. ಆಮೇಲೆ ಡ್ರಮ್ಮು ತೊಟ್ಟಿ ಇರುವ ಮೂಲೆಗೆ ಹೋಗಿ ನಾರಿನ ಕುಚ್ಚು ತಂದು, ಮೊಣಕಾಲೂರಿ ಉಜ್ಜತೊಡಗಿದರು. ಅಂಗೈ ಆಡಿಸಿ ತರಿ ಸಿಕ್ಕಲ್ಲಿ ಉಜ್ಜುವುದು, ಮತ್ತೆ ಅಂಗೈ ಆಡಿಸುವುದು. ಕಂದು ನೀರು ಇಳಿಯುತ್ತಿದ್ದುದನ್ನು ನಾನೂ ನೋಡಿದೆ. ಮಣ್ಣು ಬಿಡುತ್ತಿದೆ ಎಂದುಕೊಂಡೆ.

ಊಟದ ಕ್ಯಾರಿಯರ್ ಹಿಡಿದು ಬಂದ ಮಂಗಳಾ ದಿಬ್ಬದ ಹತ್ತಿರವೇ ನಿಂತುಬಿಟ್ಟಳು.

"ಅತ್ತೆ, ಕುಚ್ಚು ಎಲ್ಲಿಂದ ತಗೊಂಡ್ರಿ?"

"ತೊಟ್ಟಿಯಿಂದ ಕಣೇ. ಯಾಕೆ?"

ಮಂಗಳಾ ಡ್ರಮ್ಮಿನ ಕಡೆ ನೋಡಿದಳು. ಕಲ್ಲಮ್ಮ ಕೈಯಲ್ಲಿದ್ದ ಕುಚ್ಚನ್ನು ಮೂಗಿನ ಹತ್ತಿರ ತಂದರು. ಹಸಿ ಮಟ್ಟೆಯ ಒಗರು ವಾಸನೆ. ಅದನ್ನು ಮೆಲ್ಲಗೆ ನೆಲಕ್ಕೆ ಇಟ್ಟರು.

"ಬಾಳ ಆಗೈತಾ?"

"ಮುಂದಿನ ಚಕ್ರದ ಮೇಲಿನ ಎರಡೂ ರೆಕ್ಕೆ, ಸೀಟಿನ ಕೆಳಗೆ."

ಮಣ್ಣೆಲ್ಲ ಹೋಗಿತ್ತು. ಬಿಳಿ ಗಾಡಿಯ ಮೇಲೆ ಟೀ ಚೆಲ್ಲಿದಂತೆ ಕರೆ ಹರಡಿತ್ತು. ಕಲ್ಲಮ್ಮ ದಿಬ್ಬದ ಮೇಲೆ ಕೂತರು. ಸೆರಗಿನಿಂದ ಮುಖ ಒರೆಸಿಕೊಂಡು, ರಸ್ತೆಯ ಕಡೆ ನೋಡುತ್ತ ಕೇಳಿದರು. "ಯಾವಾಗಿಂದ ಗೊತ್ತು ನಿಂಗೆ?"

"ಯುಗಾದಿ ಹಬ್ಬದಿಂದ. ದೀಪಕ್ಕೆ ಎಣ್ಣೆ ಹಾಕ್ತೀನಿ ಅಂತ ಹೂವಿನ ಬಟ್ಟಲಿಗೆ ಸುರಿದ್ರಲ್ಲ, ಆವತ್ತಿಂದ."

"ಅದಕ್ಕೇ ಬಟ್ಟೆ ಹಿಡ್ಕಂಡು ನನ್ನ ಹಿಂದೆಹಿಂದೆ ಬತ್ತಿದ್ಯಾ?"

"ಮತ್ತೆ? ನೀವು ಬಿಟ್ಟ ಕಲೆ ಒರೆಸಾಕೆ."

"ನಾನು ಕಲೆ ಬಿಡ್ತಿದ್ನಾ?"

"ಎಲ್ಲೋ ಒಂದೊಂದು," ಎಂದಳು ಮಂಗಳಾ. ಆ 'ಒಂದೊಂದು' ಎನ್ನುವುದನ್ನು ಅವಳು ಎಷ್ಟು ಮೆತ್ತಗೆ ಹೇಳಿದಳೆಂದರೆ, ಕಲ್ಲಮ್ಮನಿಗೆ ಲೆಕ್ಕ ತಿಳಿದುಹೋಯಿತು.

ಆಗ ಎರಡು ಗಂಟೆ ಇಪ್ಪತ್ತು ನಿಮಿಷ. ಕಲ್ಲಮ್ಮ ಎದ್ದರು. ದನಿ ಮೊದಲಿನಂತಾಯಿತು. "ಕರೆ ಟೀ ಬಣ್ಣ ಐತಾ, ಕರ್ರಗೈತಾ? ಸರಿಯಾಗಿ ನೋಡು."

"ಮಧ್ಯೆ ಟೀ. ಅಂಚಲ್ಲಿ ಕರ್ರಗೆ."

"ಡ್ರಮ್ಮಿನ ತುಕ್ಕು ಸೇರ್ಕಂಡೈತೆ. ಎಳನೀರು ಕೊಚ್ಚೋ ಮಚ್ಚಿಗೆ ಹಿಡಿಯೋ ಕಪ್ಪೇ ಇದು. ಅದಕ್ಕೇನು ಹಾಕ್ತಾರೆ?"

"ನಿಂಬೆಹಣ್ಣು," ಎಂದೆವು ಇಬ್ಬರೂ.

ನಾನು ಮಣ್ಣುಹತ್ತಿದ ಸ್ಕೂಟರಿನಲ್ಲೇ ಹೋಗಿ ಸಿಕ್ಕಷ್ಟು ನಿಂಬೆಹಣ್ಣು ತಂದೆ. ಹೋಳು ಮಾಡಿ, ಉಪ್ಪಿನಲ್ಲಿ ಅದ್ದಿ, ಕಲ್ಲಮ್ಮ ಉಜ್ಜಲು ಕೂತರು. ಅವರ ಕೈಯ ಹದ ಬೇರೆ ಯಾರಿಗೂ ಇಲ್ಲ. ಒತ್ತಿದರೆ ಗೀರು ಬೀಳುತ್ತದೆ, ಒತ್ತದಿದ್ದರೆ ಕರೆ ಏಳುವುದಿಲ್ಲ. ಎಲ್ಲಿ ಎನ್ನುವುದನ್ನು ಮಂಗಳಾ ಹೇಳುತ್ತಿದ್ದಳು.

"ಮೇಲೆ ಅತ್ತೆ. ಎಡಕ್ಕೆ. ಇನ್ನೊಂಚೂರು. ಅಲ್ಲೇ, ಅಲ್ಲೇ."

"ಎಮ್ಮೆ ಹೊಡ್ಯೋರಂಗೆ ಹೇಳ್ಬೇಡ."

"ಎಮ್ಮೆ ಆಗಿದ್ರೆ ಇಷ್ಟೊತ್ತಿಗೆ ಮಾತು ಕೇಳಿರೋದು."

ಕಲ್ಲಮ್ಮ ನಕ್ಕರು. ಕೈ ನಿಲ್ಲಿಸಲಿಲ್ಲ. ತಂದ ಊಟ ಕ್ಯಾರಿಯರಿನಲ್ಲೇ ತಣ್ಣಗಾಯಿತು. ಬಲಗಡೆಯ ರೆಕ್ಕೆ ಬೆಳ್ಳಗಾಯಿತು, ಆಮೇಲೆ ಎಡಗಡೆಯದು. ಸೀಟಿನ ಕೆಳಗೆ ಹುಣಸೆಬೀಜದಷ್ಟು ಒಂದು ಕಲೆ ಏನು ಮಾಡಿದರೂ ಏಳಲಿಲ್ಲ.

ಮೂರೂಮುಕ್ಕಾಲರ ಸುಮಾರಿಗೆ, ನಾಲ್ಕಕ್ಕೆ ಇನ್ನೂ ಸ್ವಲ್ಪ ಇರುವಾಗ, ರೇಣುಕಪ್ರಸಾದ್ ಬಂದರು. ಗಾಡಿ ನೋಡಿ ಹುಬ್ಬೇರಿಸಿದರು. "ಭಾವ ಕೊಟ್ಟಾಗ್ಲೂ ಇಷ್ಟು ಬೆಳ್ಳಗಿರ್ಲಿಲ್ಲ ಕಣಕ್ಕ."

ಆ ಕಲೆ ಅವರ ಕಣ್ಣಿಗೆ ಬಿದ್ದಿರಲಿಲ್ಲ, ಬೀಳುವಂಥ ಜಾಗದಲ್ಲೂ ಇರಲಿಲ್ಲ. ಸುಮ್ಮನಿದ್ದಿದ್ದರೆ ಕಲ್ಲಮ್ಮನ ಗುಟ್ಟು ನಮ್ಮ ಮೂವರಲ್ಲೇ ಉಳಿಯುತ್ತಿತ್ತು. ಮಂಗಳಾ ಬಟ್ಟೆ ಹಿಂಡುತ್ತ ಅತ್ತೆಯ ಕಡೆ ನೋಡಿದಳು.

"ಪ್ರಸಾದಪ್ಪ, ಸೀಟಿನ ಕೆಳಗೆ ಒಂದು ಕರೆ ಉಳಿದೈತೆ," ಎಂದರು ಕಲ್ಲಮ್ಮ. "ಮಣ್ಣಿಂದಲ್ಲ, ನಾನು ಹಚ್ಚಿದ್ದು. ಹಸಿ ನಾರು ಯಾವ್ದು, ಹಳೇದ್ಯಾವ್ದು ತಿಳೀಲಿಲ್ಲ. ಕಣ್ಣು ಕಾಣಾಕಿಲ್ಲ ನಂಗೆ."

ರೇಣುಕಪ್ರಸಾದ್ ಬಗ್ಗಿ ಹುಡುಕಿ ನೋಡಿದರು. ಎದ್ದು, ಕೈ ಒರೆಸಿಕೊಂಡರು. "ಇರ್ಲಿ ಬುಡಿ ಅಕ್ಕ. ನಾನು ಏನು ಹಾಳು ಮಾಡಿದೀನಿ ಅಂತ ಹುಡುಕದಿದ್ರೆ ನಮ್ಮ ಭಾವಂಗೆ ಊಟ ಸೇರಾಕಿಲ್ಲ. ಒಂದಾದ್ರೂ ಸಿಗಲಿ." ಆಮೇಲೆ, ಪಿಕಪ್ಪಿನ ಬಾಗಿಲು ಹಾಕುವಾಗ, "ಕಣ್ಣು ತೋರಿಸ್ಕಳಿ," ಎಂದರು.

ಗಾಡಿ ಹೋದ ಮೇಲೆ ನನ್ನ ಸ್ಕೂಟರಿನ ಸರದಿ. ಕಲ್ಲಮ್ಮ ಗನ್ನು ಎತ್ತಿಕೊಂಡರು. ಒಂದು ಗಳಿಗೆ ಅದರ ತೂಕ ನೋಡುವವರಂತೆ ಹಿಡಿದಿದ್ದು, ಮಂಗಳಾಳ ಕಡೆ ಚಾಚಿದರು. ಅವಳು ಸೆರಗು ಸಿಕ್ಕಿಸಿಕೊಂಡು ತೆಗೆದುಕೊಂಡಳು. ಕಲ್ಲಮ್ಮ ನನ್ನ ಪಕ್ಕ ಬೆಂಚಿನ ಮೇಲೆ, ಸ್ಕೂಟರಿಗೆ ಬೆನ್ನು ಹಾಕಿ ಕೂತರು. ನೀರು ಬಡಿಯತೊಡಗಿತು.

"ಎಡಗಡೆ ಐತೆ ಇನ್ನೂ," ಎಂದರು.

ಮಂಗಳಾ ಬಗ್ಗಿ ನೋಡಿದಳು. "ಐತೆ."

"ಈಗ ಹಿಂದಿನ ಚಕ್ರದ ಮೇಲೆ ಬುಡು. ಹೂಂ. ಆಯ್ತು. ನಿಲ್ಸು."

ಸ್ಕೂಟರು ಅಪ್ಪ ಕೊಂಡ ದಿನದ ಬಣ್ಣಕ್ಕೆ ಬಂದಿತ್ತು. ಮಂಗಳಾ ಗನ್ನನ್ನು ಮೊಳೆಗೆ ನೇತುಹಾಕಿ ಬಂದು ಅತ್ತೆಯ ಎದುರು ನಿಂತಳು. "ಬುಧವಾರ ತಿಪಟೂರಲ್ಲಿ ಕಣ್ಣಿನ ಡಾಕ್ಟ್ರು ಇರ್ತಾರೆ. ಆಪರೇಷನ್ ಆದ್ಮೇಲೆ ಒಂದು ತಿಂಗಳು ನೀವು ಇಲ್ಲೇ ಬೆಂಚ್ ಮೇಲೆ ಕೂತು ಹೇಳಿ, ನಾನು ಹಿಡೀತೀನಿ. ನನ್ನ ಕಿವಿಗೆ ಎಲ್ಲಾ ಒಂದೇ ಥರ ಕೇಳ್ತದೆ."

ಕಲ್ಲಮ್ಮ ಕಾಲಿನಿಂದ ಚಪ್ಪಲಿ ಹುಡುಕಿ ಮೆಟ್ಟಿಕೊಂಡರು. ಕ್ಯಾರಿಯರನ್ನು ಕಂಕುಳಿಗೆ ಸೇರಿಸಿ, ಡ್ರಮ್ಮಿನ ಅಂಚು, ಆಮೇಲೆ ತೊಟ್ಟಿಯ ಅಂಚು ಸವರಿಕೊಂಡು, ನೆರಳಿದ್ದ ತೆಂಗಿನ ಮರಗಳ ಕಡೆ ಹೊರಟರು. ನಡೆಯುತ್ತಲೇ, ತಿರುಗಿ ನೋಡದೆ ಹೇಳಿದರು.

"ಬತ್ತೀನಿ ಬುಡು ಬುಧವಾರ. ಆದ್ರೆ ಈಗ್ಲೇ ಹೇಳಿರ್ತೀನಿ ಕಣೇ, ತಿಂಗಳು ತುಂಬಿದ ಮಾರನೇ ದಿನ ಬೆಳಿಗ್ಗೆ ಏಳೂವರೆಗೆ ಸರಿಯಾಗಿ ಆ ಗನ್ನು ನನ್ನ ಕೈಯಾಗೆ ಇರ್ಬೇಕು."