ಆಯುಧಪೂಜೆಯ ದಿನ ಹಟ ಹಿಡಿದ ಸರ್ವರ್

ಬಸವೇಶ್ವರನಗರದ ಒಂದು ರಕ್ತಪರೀಕ್ಷಾ ಲ್ಯಾಬಿನ ಕಂಪ್ಯೂಟರುಗಳನ್ನು ಆಗ ನಾನು ನೋಡಿಕೊಳ್ಳುತ್ತಿದ್ದೆ. ಲ್ಯಾಬಿನ ಒಡತಿ ವಯಸ್ಸಾದ ಡಾಕ್ಟರು. ಅವರ ಒಂದು ನೇಮದ ಮುಂದೆ ಯಾರ ಆಟವೂ ನಡೆಯುತ್ತಿರಲಿಲ್ಲ: ಆಯುಧಪೂಜೆಯ ದಿನ ಪ್ರತಿ ಯಂತ್ರವನ್ನೂ ಆಫ್ ಮಾಡಿ, ಒರೆಸಿ, ಕುಂಕುಮ ಇಡಬೇಕು. ಓಡುತ್ತಿರುವ ಯಂತ್ರಕ್ಕೆ ಪೂಜೆ ಮಾಡುವುದು, ಅವರ ಪ್ರಕಾರ, ಊಟಕ್ಕೆ ಕೂತವರನ್ನು ಎಬ್ಬಿಸಿ ಆರತಿ ಎತ್ತಿದ ಹಾಗೆ.

“ಎದುರಿನ ನರ್ಸಿಂಗ್ ಹೋಮಿಂದ ಯಾವಾಗ ಬೇಕಾದ್ರೂ ರಕ್ತ ಬರುತ್ತೆ ಮೇಡಂ, ರಿಪೋರ್ಟ್ ನಿಲ್ಲಬಾರ್ದು,” ಅಂದೆ.

“ಅದಕ್ಕೇ ತಾನೇ ಎರಡು ಸರ್ವರ್ ಇರೋದು?” ಅಂದರು.

ಮಾತು ಸರಿಯೇ. ರಿಪೋರ್ಟಿನ ಕೆಲಸವೆಲ್ಲ ನಡೆಯುತ್ತಿದ್ದುದು ವರ್ಚುವಲ್ ಮಷೀನಿನಲ್ಲಿ, ಅಂದರೆ ಸರ್ವರಿನೊಳಗೆ ಸಾಫ್ಟ್‌ವೇರಿನಲ್ಲೇ ಕಟ್ಟಿದ ಕಂಪ್ಯೂಟರಿನಲ್ಲಿ. ಅದನ್ನು ನಿಲ್ಲಿಸದೆಯೇ ಒಂದು ಸರ್ವರಿನಿಂದ ಇನ್ನೊಂದಕ್ಕೆ ಸಾಗಿಸಬಹುದು. ಹಳೆಯ ಸರ್ವರಿಗೆ ಬೆಳಿಗ್ಗೆಯೇ ಪೂಜೆ ಮುಗಿಸಿ ಮತ್ತೆ ಆನ್ ಮಾಡಿದೆವು. ಹೊಸದರಲ್ಲಿದ್ದುದನ್ನು ಅದಕ್ಕೆ ಸಾಗಿಸಿಬಿಟ್ಟರೆ ಹೊಸದೂ ಪೂಜೆಗೆ ಬಿಡುವಾಗುತ್ತದೆ ಅಂದುಕೊಂಡೆ.

ವರ್ಚುವಲ್ ಮಷೀನು ಹೋಗಲು ಒಪ್ಪಲಿಲ್ಲ. ಹೊಸ ಸರ್ವರಿನ ಪ್ರೊಸೆಸರಿಗೆ ಬರುವ ಕೆಲವು ವಿದ್ಯೆಗಳು ಹಳೆಯದಕ್ಕೆ ಬರುವುದಿಲ್ಲ. ನಮ್ಮ ವರ್ಚುವಲ್ ಮಷೀನು ಹೊಸದರಲ್ಲಿ ಶುರುವಾದಾಗಲೇ ಅವನ್ನೆಲ್ಲ ಕಂಡುಕೊಂಡಿತ್ತು. ಅವಿಲ್ಲದ ಕಡೆ ಬರುವುದಿಲ್ಲವೆಂದು ಹಟ. ನನಗೆ ಮೈಯೆಲ್ಲ ಉರಿಯಿತು. ಎರಡರ ನಡುವೆ ಹೆಚ್ಚು ವಯಸ್ಸಿನ ಅಂತರವೂ ಇಲ್ಲ, ಇಷ್ಟು ಬಿಂಕ! ಉಪಾಯವೇನೋ ಇತ್ತು. ಹಳೆಯದಕ್ಕೆ ಬಾರದ ವಿದ್ಯೆಗಳನ್ನು ಹೊಸದರಲ್ಲೂ ಮರೆಮಾಡಬೇಕು. ಅದಕ್ಕೆ ವರ್ಚುವಲ್ ಮಷೀನನ್ನು ಒಮ್ಮೆ ಪೂರ್ತಿ ನಿಲ್ಲಿಸಲೇಬೇಕು.

“ಹೊಸದನ್ನ ತಂದು ಅದರ ಬುದ್ಧಿ ಮರೆಸ್ತೀಯೇನೇ?” ಎಂದು ಡಾಕ್ಟರು ಗೊಣಗಿದರು. “ಆಗ್ಲಿ, ಈಗ ಯಾರೂ ಇಲ್ಲ, ನಿಲ್ಸು.”

ನಿಲ್ಲಿಸಿದೆ. ಆ ವಿದ್ಯೆಗಳನ್ನು ಮರೆಮಾಡಿ ಮತ್ತೆ ಶುರುಮಾಡಿದರೆ ಅದು ತನ್ನ ಡಿಸ್ಕನ್ನು ತಾನೇ ತಪಾಸಣೆ ಮಾಡುತ್ತಾ ಕೂತುಬಿಟ್ಟಿತು. ಅಷ್ಟರಲ್ಲಿ ರಕ್ತದ ಟ್ಯೂಬೂ ನಿನ್ನೆಯ ರಿಪೋರ್ಟೂ ಹಿಡಿದು ಎದುರಿನ ನರ್ಸಿಂಗ್ ಹೋಮಿನಿಂದ ಒಬ್ಬ ಓಡಿಬಂದ. ಹಾವೇರಿ ಕಡೆಯವ, ಮಾರೇನಹಳ್ಳಿಯಲ್ಲಿ ಗಾರೆ ಕೆಲಸ. ಹೆಂಡತಿಗೆ ಡೆಂಗಿ.

“ಪ್ಲೇಟ್‌ಲೆಟ್ ಮತ್ತ ಇಳದಿದ್ರ ರಕ್ತ ಕೊಡವ್ರನ್ನ ಕರಕೊಂಡ್ ಬಾ ಅಂದಾರ್ರೀ. ಈ ಊರಾಗ ನನಗ ಯಾರೂ ಗೊತ್ತಿಲ್ಲ. ಲಗೂನ ನೋಡ್ರಿ ಅಕ್ಕಾರ.”

ರಕ್ತಕಣ ಎಣಿಸುವ ಯಂತ್ರದ ಲೆಕ್ಕ ನನ್ನ ವರ್ಚುವಲ್ ಮಷೀನಿಗೇ ಬರಬೇಕು. ಅವನ ಮುಖ ನೋಡಲು ಧೈರ್ಯ ಸಾಲದೆ ಪರದೆಯನ್ನೇ ನೋಡುತ್ತಾ ಕೂತೆ.

ಡಾಕ್ಟರು ಎದ್ದರು. ಎಲ್ಲಕ್ಕಿಂತ ಮೊದಲು ಪೂಜೆ ಮಾಡಿ, ನಾಳೆಯವರೆಗೆ ಯಾರೂ ಮುಟ್ಟಬಾರದೆಂದು ಮಣೆಯ ಮೇಲಿಟ್ಟಿದ್ದ ತಮ್ಮ ಮೈಕ್ರೋಸ್ಕೋಪನ್ನು ಎತ್ತಿ ತಂದರು. ಸೇವಂತಿಗೆ ಹಾರ ತೆಗೆದು ಪಕ್ಕಕ್ಕಿಟ್ಟರು. ಗಾಜಿನ ಮೇಲೆ ರಕ್ತ ಸವರಿ, ಬಣ್ಣ ಹಾಕಿ, ಎಣಿಸಿದರು. ಅವರು ಇನ್ನೊಮ್ಮೆ ಎಣಿಸುತ್ತಿರುವಾಗ ವರ್ಚುವಲ್ ಮಷೀನು ಎದ್ದು, ಈ ಸಲ ಕಮಕ್ ಕಿಮಕ್ ಅನ್ನದೆ ಹಳೆಯ ಸರ್ವರಿಗೆ ಹೋಯಿತು. ಹೇಳಲು ಬಾಯಿ ತೆರೆದೆ. ಕೈಸನ್ನೆಯಲ್ಲೇ ಸುಮ್ಮನಿರಿಸಿದರು.

“ನಿನ್ನೆಗಿಂತ ಏರಿದೆ ಕಣಪ್ಪಾ. ರಕ್ತ ಬೇಕಾಗಲ್ಲ,” ಎಂದು ಚೀಟಿ ಬರೆದುಕೊಟ್ಟರು.

ಅವನು ಬರಿಗಾಲಲ್ಲೇ ರಸ್ತೆ ದಾಟಿ ಓಡಿದ. ಬಾಗಿಲಲ್ಲಿ ಬಿಟ್ಟುಹೋದ ಚಪ್ಪಲಿ ಹಿಡಿದು ನಾನೂ ಹಿಂದೆಯೇ ಹೋದೆ. ವಾರ್ಡಿನಲ್ಲಿ ಹೆಂಡತಿಯ ಮಂಚದ ಪಕ್ಕ ನಿಂತಿದ್ದವನು ನನ್ನನ್ನು ಕಂಡು, “ಅಕ್ಕಾರ, ನೀವರ ಹೇಳ್ರಿ. ನಾ ಧೈರ್ಯ ತುಂಬಾಕ ಸುಳ್ಳು ಹೇಳಾಕತ್ತೀನಿ ಅಂತಾಳ,” ಅಂದ.

“ನಿಜ ಕಣಮ್ಮಾ, ಏರಿದೆ. ನಮ್ಮ ಡಾಕ್ಟರು ಎರಡು ಸಲ ಎಣಿಸಿ ನೋಡಿದ್ರು,” ಅಂದೆ.

ಆಕೆ ನನ್ನ ಕೈ ಹಿಡಿದುಕೊಂಡು ಅತ್ತಳು. ಲ್ಯಾಬಿನಲ್ಲಿ ಹೊಸ ಸರ್ವರಿನ ಪೂಜೆಗೆ ನನ್ನನ್ನೇ ಕಾಯುತ್ತಿದ್ದರು. ಕಾಯಲಿ ಅಂದುಕೊಂಡು ಮಂಚದ ತುದಿಯಲ್ಲಿ ಕೂತೆ.