ಬಾಟಲಿಯ ಬೆವರು

ಆ ದಿನ ಬೆಳಿಗ್ಗೆ ನನ್ನ ಗಂಡ, ನಾನು ಬೇಯಿಸಿಕೊಟ್ಟ ಮೊಟ್ಟೆ ತಿಂದರು. ನೆನೆಸಿದ ಕಾಳು ತಿಂದರು. ಸಕ್ಕರೆ ಇಲ್ಲದ ಚಹಾ ಕುಡಿದು ಮುಖ ಕಿವುಚಿದರು.

"ಇದಕ್ಕಿಂತ ಪಾತ್ರೆ ತೊಳೆದ ನೀರು ವಾಸಿ ಕಣೇ."

"ಅದನ್ನೂ ಎತ್ತಿಟ್ಟಿದೀನಿ, ನಾಳೆ ಕೊಡ್ತೀನಿ," ಅಂದೆ.

ನಕ್ಕರು. ಉಣ್ಣೆ ಟೋಪಿ ಕಿವಿ ಮೇಲೆ ಎಳೆದುಕೊಂಡರು. "ನೀರಿನ ಟ್ಯಾಂಕ್ ಮುಟ್ಟಿ ಬರ್ತೀನಿ" ಅಂದು ಹೊರಟರು. ದಿನಾ ಹೇಳುವ ಮಾತು. ಒಲೆ ಮೇಲೆ ಹಾಲಿತ್ತು. ನಾನು ತಿರುಗಿಯೂ ನೋಡಲಿಲ್ಲ.

ನನ್ನ ಗಂಡ ಹಾಸಿಗೆ, ರಜಾಯಿ ಹೊಲಿಯುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಹತ್ತಿ ಹಿಂಜುವಾಗ ಕಿಟಕಿ ತೆಗೆಯುವ ಹಾಗಿಲ್ಲ, ಅರಳೆಯೆಲ್ಲ ಎದ್ದು ಬೀದಿ ಪಾಲಾಗುತ್ತದೆ. ಚಳಿಗಾಲ ಬಂತೆಂದರೆ ಕೈ ತುಂಬ ಕೆಲಸ. ಬೆಳಕು ಹರಿಯುವ ಮೊದಲೇ ಒಳಗೆ ಹೋದರೆ ಕತ್ತಲಾದ ಮೇಲೆ ಹೊರಗೆ. ಊರನ್ನೆಲ್ಲ ಬೆಚ್ಚಗಿಡುವ ಮನುಷ್ಯನಿಗೆ ಚಳಿಗಾಲವೇ ಆಗಿಬರುತ್ತಿರಲಿಲ್ಲ. ಸೂಜಿಗೆ ದಾರ ಪೋಣಿಸಿ, ಅದನ್ನು ಕೈಯಲ್ಲಿ ಹಿಡಿದುಕೊಂಡು ಗೋಡೆ ನೋಡುತ್ತ ಕೂತುಬಿಡುವುದು. ಊಟ ಬೇಡ. ಬರೀ ಬ್ರೆಡ್ಡು, ಸಿಹಿ ಚಹಾ. ಕರೆದರೆ "ಹೂಂ" ಅನ್ನುವುದಕ್ಕೂ ಬೇಜಾರು. ಬೇಸಿಗೆ ಬಂದರೆ ತಾವಾಗಿಯೇ ಸರಿಹೋಗುತ್ತಿದ್ದರು. ವರ್ಷ ವರ್ಷ ಇದೇ ಗೋಳು.

ಕಳೆದ ಚಳಿಗಾಲ ಅವರನ್ನು ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದೆ.

"ನಿಮಗೆ ಬಿಸಿಲು ಸಾಲ್ತಿಲ್ಲ," ಅಂದರು ಅವರು. "ಬೆಳಿಗ್ಗೆ ಬಿಸಿಲಲ್ಲಿ ಬಿರಬಿರನೆ ನಡೀರಿ, ಮೈ ಬೆವರಲಿ. ಮೊಟ್ಟೆ, ಮೀನು, ಸೊಪ್ಪು, ಕಾಳು ತಿನ್ನಿ. ಸಕ್ಕರೆ ಕಮ್ಮಿ ಮಾಡಿ. ಕೆಲಸ ಶುರು ಮಾಡೋ ಮೊದಲು ಅಂಗಡಿ ಕಿಟಕಿ ಸ್ವಲ್ಪ ಹೊತ್ತು ತೆಗೆದಿಡಿ. ಇನ್ನೊಂದು ಮಾತು. ನಡೆಯುವಾಗ ಎದೆ ಹಿಡಿದ ಹಾಗಾದ್ರೆ ಅಲ್ಲೇ ನಿಂತು, ಸೀದಾ ನನ್ನ ಹತ್ರ ಬನ್ನಿ."

ಕಿಟಕಿಗೆ ಇವರು ಒಪ್ಪಲಿಲ್ಲ. ನಡಿಗೆಗೆ ಒಪ್ಪಿದರು. ಜೊತೆಗೆ ಬೀದಿ ತಿರುವಿನ ಕ್ಷೌರದಂಗಡಿಯವನನ್ನು ಹಾಕಿದೆ. ಇಬ್ಬರೂ ಚಡ್ಡಿ ಹಾಕುವ ಕಾಲದ ಗೆಳೆಯರು. ಇವರು ಅವನನ್ನು ಕತ್ತರಿ ಅನ್ನುವರು, ಅವನು ಇವರನ್ನು ಅರಳೆ ಅನ್ನುವನು. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಅವನಿಗೂ ಹೇಳಿದೆ.

"ಅತ್ತಿಗೆ, ಅರಳೇನ ಗಾಳಿಗೆ ಬಿಡ್ತಿದೀರಿ. ಹಾರಿಹೋದ್ರೆ ನನ್ನ ಕೇಳ್ಬೇಡಿ," ಅಂದ. ಮೂವರೂ ನಕ್ಕೆವು.

ಸ್ವಲ್ಪ ದಿನಕ್ಕೇ ಅವರ ಬಣ್ಣ ಬದಲಾಯಿತು. ಮನೆಗೆ ಬಂದರೆ ಕೆನ್ನೆ ಕೆಂಪಗೆ, ಹಣೆ ಮೇಲೆ ಹನಿ. ಹೊಲಿಯುವಾಗ ಸಿಳ್ಳೆ ಹಾಕುತ್ತಿದ್ದರು. ಬೆವರು ನಾನೇ ಒರೆಸುತ್ತಿದ್ದೆ. ಬೆವರಿಗೆ ಸೆಂಟಿನ ವಾಸನೆ. ಕತ್ತರಿಯ ಜೊತೆ ಓಡಾಡುತ್ತಾರಲ್ಲ, ಅವನದಿರಬೇಕು ಅಂದುಕೊಂಡೆ.

ಎದುರು ಮನೆಯವಳು ಕೇಳಿದಳು: "ಏನು ಗೊಬ್ಬರ ಹಾಕ್ತಿದೀಯೇ ನಿನ್ನ ಗಂಡಂಗೆ? ಚಿಗುರಿದಾನೆ!"

ಮೊಟ್ಟೆ, ಸೊಪ್ಪು, ನಡಿಗೆ ಅಂದೆ. ಅವಳು ತನ್ನ ಅಳಿಯನಿಗೂ ಅದನ್ನೇ ಶುರು ಮಾಡಿಸಿದಳು. ಈ ಸಲ ಚಳಿಗಾಲವನ್ನು ನಾನು ಗೆದ್ದೆ ಅಂತ ಬೀದಿಗೆಲ್ಲ ಹೇಳಿಕೊಂಡು ತಿರುಗಿದೆ.

ಆ ದಿನ ಹಾಲು ಉಕ್ಕಿತು, ಇಳಿಸಿದೆ. ಬಾಗಿಲಲ್ಲಿ ಕತ್ತರಿ ನಿಂತಿದ್ದ. ಬರಿಗಾಲಲ್ಲಿ ಓಡಿ ಬಂದಿದ್ದ, ಜೊತೆಗೆ ಇವರಿಲ್ಲ. ನನಗೆ ಗೊತ್ತಾಗಿಹೋಯಿತು. ಟ್ಯಾಂಕಿನ ಕಡೆ ಓಡಿದೆ. ಹಿಂದಿನಿಂದ ಕೂಗಿದ:

"ಆ ಕಡೆ ಅಲ್ಲ ಅತ್ತಿಗೆ. ಅಂಗಡೀಲಿ!"

ಕ್ಷೌರದ ಕುರ್ಚಿಯಲ್ಲಿ ಕೂತಿದ್ದರು. ಟೋಪಿ ಮಡಿಲಲ್ಲಿತ್ತು. ತಲೆ ಒಂದು ಕಡೆ ವಾಲಿತ್ತು. ಕೈ ಇನ್ನೂ ಬೆಚ್ಚಗಿತ್ತು. ಹಣೆ ಒಣಗಿತ್ತು.

ಎದೆಬಡಿತ ನಿಂತಿತು ಅಂದರು ಡಾಕ್ಟರಮ್ಮ. "ಮೊದಲೇನಾದ್ರೂ ಎದೆ ನೋವು ಅಂದಿದ್ರಾ?" ಅಂತ ಕೇಳಿದರು. ಇಲ್ಲ ಅಂದೆ. ನನಗೆ ಗೊತ್ತಿದ್ದದ್ದು ಅಷ್ಟೇ.

ಸಾವಿಗೆ ಬಂದವರೆಲ್ಲ ಹೋದ ಮೇಲೆ ಕತ್ತರಿಯ ಅಂಗಡಿಗೆ ಹೋದೆ.

"ಟ್ಯಾಂಕ್ ಹತ್ರ ಇರಬೇಕಾದೋರು ನಿನ್ನ ಕುರ್ಚೀಲಿ ಯಾಕಿದ್ರು?"

"ಮೊದಮೊದಲು ನಡೆದ್ವಿ ಅತ್ತಿಗೆ. ನಿಜವಾಗ್ಲೂ. ಒಂದಿನ ಏರು ಹತ್ತೋವಾಗ ಎದೆ ಹಿಡಿದು ಕೂತ್ಬಿಟ್ಟ. ಹೇಳೋಣ ಅಂದೆ, ಬೇಡ ಅಂದ. ಆಮೇಲೆ ನಡೀಲೇ ಇಲ್ಲ. ಇಲ್ಲೇ ಕೂರೋನು. ಮನೆಗೆ ಹೊರಡೋ ಮುಂಚೆ ಟವೆಲಲ್ಲಿ ಕೆನ್ನೆ ಉಜ್ಕೊಳ್ಳೋನು. ನಾನು ಹಣೆಗೆ..."

ಕನ್ನಡಿ ಮುಂದಿನ ಬಾಟಲಿ ತೋರಿಸಿದ. ಕೂದಲು ಕತ್ತರಿಸುವಾಗ ತಲೆಗೆ ಚಿಮುಕಿಸುವ ಸೆಂಟಿನ ನೀರು.

"ಆ ನಗು? ಸಿಳ್ಳೆ?"

ಕತ್ತರಿ ನೆಲ ನೋಡಿದ. "ಇಲ್ಲಿ ನಗ್ತಿರಲಿಲ್ಲ ಅತ್ತಿಗೆ. ಕನ್ನಡಿ ನೋಡ್ಕೊಂಡು ಸುಮ್ನೆ ಕೂತಿರ್ತಿದ್ದ. 'ಅವಳು ಗೆದ್ದೆ ಅಂದ್ಕೊಂಡಿದಾಳೆ ಕಣೋ, ಸೋಲಿಸೋದು ಬೇಡ' ಅಂದ. ಆಣೆ ಹಾಕಿಸ್ಕೊಂಡ."

"ಡಾಕ್ಟರಮ್ಮ ಹೇಳಿದ್ದು ನಿಂಗೂ ಗೊತ್ತಿತ್ತು."

"ಗೊತ್ತಿತ್ತು."

"ನಿನ್ನ ಆಣೆಗೆ ಬೆಂಕಿ ಹಾಕ!"

"ಹೊಡೀರಿ ಅತ್ತಿಗೆ."

ಹೊಡೆಯಲಿಲ್ಲ. ಬಾಟಲಿ ಎತ್ತಿಕೊಂಡು ಹೋಗಿ ಮೋರಿಗೆ ಸುರಿದೆ.

ನಿನ್ನ ಮೇಲೆ ಎಷ್ಟು ಪ್ರೀತಿ ನೋಡು ಅನ್ನುತ್ತಾರೆ ಬೀದಿಯವರು. ಯಾರಿಗೆ ಬೇಕು ಆ ಪ್ರೀತಿ? ಒಂದು ಮಾತು ಹೇಳಿದ್ದರೆ ಮತ್ತೆ ಎಳೆದುಕೊಂಡು ಹೋಗುತ್ತಿದ್ದೆ. ಮೊದಲೊಂದು ಸಲ ಎಳೆದುಕೊಂಡು ಹೋಗಿರಲಿಲ್ಲವೇ? ಒಬ್ಬರು ಕಟ್ಟಿಕೊಂಡವರು, ಒಬ್ಬ ನಂಬಿ ಜೊತೆಗೆ ಕಳಿಸಿದವನು. ಇಬ್ಬರೂ ಸೇರಿ ನನ್ನ ಕಣ್ಣು ಕಟ್ಟಿದರು. ನಾನು ದಿನಾ ಬೆವರೆಂದು ನೀರು ಒರೆಸಿದೆ.

ಎದುರು ಮನೆಯವಳ ಅಳಿಯ ಈಗಲೂ ನಡೆಯುತ್ತಾನೆ. ಗುಂಡುಕಲ್ಲಿನ ಹಾಗಿದ್ದಾನೆ. ಡಾಕ್ಟರಮ್ಮ ಹೇಳಿದ್ದು ಸುಳ್ಳಲ್ಲ.

ಮತ್ತೆ ಚಳಿಗಾಲ ಬಂದಿದೆ. ರಜಾಯಿ ಈಗ ನಾನೇ ಹೊಲಿಯುತ್ತೇನೆ. ಬೆಳಿಗ್ಗೆ ಏಳಲು ನನಗೂ ಮನಸ್ಸಿಲ್ಲ. ಆದರೂ ಮೊಟ್ಟೆ ತಿಂದು ಟ್ಯಾಂಕ್ ಮುಟ್ಟಿ ಬರುತ್ತೇನೆ. ಕತ್ತರಿ ಬಾಗಿಲಿಗೆ ಬಂದು "ಅತ್ತಿಗೆ" ಅನ್ನುತ್ತಾನೆ. ನಾನು ನಿಲ್ಲುವುದಿಲ್ಲ.

ಮನೆಗೆ ಬಂದು ಅಂಗಡಿಯ ಕಿಟಕಿ ತೆಗೆಯುತ್ತೇನೆ. ಬಿಸಿಲು ಹತ್ತಿ ರಾಶಿಯ ಮೇಲೆ ಬೀಳುತ್ತದೆ. ಗಾಳಿಗೆ ಅರಳೆ ಎದ್ದು ಹೊರಗೆ ಹಾರುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಕಿಟಕಿ ಮುಚ್ಚುತ್ತೇನೆ. ಆಮೇಲೆ ಪೊರಕೆ ತೆಗೆದುಕೊಂಡು ನಮ್ಮ ಹೊಸ್ತಿಲಿನಿಂದ ಎದುರು ಮನೆಯವರೆಗೆ ಬೀದಿ ಗುಡಿಸುತ್ತೇನೆ.